ಸೂರ್ಯನಿಗೆ ಮುಖಮಾಡಿದ ಬಂದರು: ಕ್ಲೋಡ್ ಲೊರೇನ್ ಬಗೆಯ ತೈಲವರ್ಣ ಚಿತ್ರ ಬರೆಯುವ ಕ್ರಮ

ಎರಡು ಬದಿಗೆ ಕಂಬಸಾಲಿನ ಕಟ್ಟಡ, ನಡುವೆ ಕಡಲು, ಕಡಲಿನಾಚೆ ಮುಳುಗುವ ಅಥವಾ ಮೂಡುವ ಸೂರ್ಯ, ದಡದಲ್ಲಿ ಜನ, ದೋಣಿ, ಸಾಮಾನು ಸರಂಜಾಮು. 17ನೇ ಶತಮಾನದ ರೋಮ್‌ನಲ್ಲಿ ಕುಳಿತು ಕ್ಲೋಡ್ ಲೊರೇನ್ ಈ ಬಗೆಯ ಚಿತ್ರಕ್ಕೆ ಒಂದು ಅಚ್ಚು ಹಾಕಿಕೊಟ್ಟ. 1648ರಲ್ಲಿ ಅವನು ಬರೆದ ‘ಶೀಬಾ ರಾಣಿಯ ಪ್ರಯಾಣ’ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಇಂಗ್ಲೆಂಡಿನ ಚಿತ್ರಕಾರ ಟರ್ನರ್ ಆ ಚಿತ್ರದ ಪಕ್ಕದಲ್ಲೇ ತನ್ನ ಚಿತ್ರ ತೂಗಬೇಕು ಎಂದು ಉಯಿಲಿನಲ್ಲೇ ಬರೆದಿಟ್ಟ. ಅಷ್ಟು ಮರುಳು ಮಾಡಿದ್ದು ಅದರ ಕಟ್ಟಡವಲ್ಲ, ರಾಣಿಯಂತೂ ಅಲ್ಲ. ನೇರವಾಗಿ ನಮ್ಮ ಕಣ್ಣಿಗೇ ಹೊಡೆಯುವ ಸೂರ್ಯ.

ಈ ಬಗೆಯ ಚಿತ್ರಕ್ಕೆ ಕೈಹಾಕಿದವರಲ್ಲಿ ಹೆಚ್ಚಿನವರು ಕಂಬದ ಕೆತ್ತನೆಗೆ ವಾರಗಟ್ಟಲೆ ಕೂತು, ಕೊನೆಗೆ ಆಕಾಶ ಬಳಿದು, ಚಿತ್ರ ಏಕೆ ಬೆಳಗುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುತ್ತಾರೆ. ಕೆಲಸ ತಿರುವುಮುರುವಾಗಿರುವುದೇ ಕಾರಣ. ಸೂರ್ಯ ಮೊದಲು, ಮಿಕ್ಕದ್ದೆಲ್ಲ ಅವನ ಲೆಕ್ಕದಲ್ಲಿ. ನೆರಳು ಯಾವ ಕಡೆ ಬೀಳಬೇಕು, ಯಾವ ಗೋಡೆ ಎಷ್ಟು ಕಪ್ಪಗಿರಬೇಕು, ಹಡಗಿನ ಹಗ್ಗ ಎಲ್ಲಿ ಕಾಣದಾಗಬೇಕು, ಇದೆಲ್ಲ ಸೂರ್ಯನನ್ನು ಇಟ್ಟ ಗಳಿಗೆಯಲ್ಲೇ ತೀರ್ಮಾನವಾಗಿಬಿಡುತ್ತದೆ.

ಅಳತೆ, ದಿಗಂತ, ಎರಡು ಬಿಂದು

ಇಲ್ಲಿ ಕೊಟ್ಟಿರುವ ಲೆಕ್ಕವೆಲ್ಲ 60 × 80 ಸೆಂ.ಮೀ. ಅಡ್ಡ ಕ್ಯಾನ್ವಾಸಿನದು. ಕ್ಲೋಡ್‌ನ ಶೀಬಾ ಚಿತ್ರ ಸುಮಾರು 149 × 197 ಸೆಂ.ಮೀ., ಅಂದರೆ ಅದೂ ಹೆಚ್ಚುಕಡಿಮೆ ಇದೇ 3:4. ಇದಕ್ಕಿಂತ ಚಿಕ್ಕ ಕ್ಯಾನ್ವಾಸಿನಲ್ಲಿ ಜನರು ಇರುವೆಯಾಗುತ್ತಾರೆ, ಬೇಡ.

ದಿಗಂತ ರೇಖೆ ಕೆಳಗಿನ ಅಂಚಿನಿಂದ 20 ಸೆಂ.ಮೀ. ಮೇಲಿರಲಿ. ಮೂರರಲ್ಲಿ ಎರಡು ಪಾಲು ಆಕಾಶಕ್ಕೆ. ಅರ್ಧಕ್ಕೆ ಎಳೆದರೆ ದಡದ ಕಲ್ಲುಹಾಸು ಗೋಡೆಯಂತೆ ಎದ್ದು ನಿಲ್ಲುತ್ತದೆ, ಬೆಳಕಿಗೆ ಜಾಗ ಸಾಲುವುದಿಲ್ಲ.

ಕಟ್ಟಡದ ಗೆರೆಗಳೆಲ್ಲ ಹೋಗಿ ಸೇರುವ ಲಯಬಿಂದು ದಿಗಂತದ ಮೇಲೆ, ಎಡ ಅಂಚಿನಿಂದ 44 ಸೆಂ.ಮೀ. ದೂರದಲ್ಲಿ. ಸೂರ್ಯ ಎಡದಿಂದ 34 ಸೆಂ.ಮೀ., ದಿಗಂತದಿಂದ 4 ಸೆಂ.ಮೀ. ಮೇಲೆ. ಎರಡನ್ನೂ ಒಂದೇ ನೇರದಲ್ಲಿ ಇಡುವುದು ಸುಲಭ ಅನ್ನಿಸುತ್ತದೆ. ಹಾಗೆ ಮಾಡಿದರೆ ನೀರಿನ ಕಡೆ ಮುಖಮಾಡಿದ ಗೋಡೆಗಳು ಬಿಸಿಲಿಗೆ ಸರಿಸಮಾನಾಂತರವಾಗಿ ಬಿಡುತ್ತವೆ: ಬೆಳಕೂ ಬೀಳದು, ಪೂರ್ತಿ ನೆರಳೂ ಅಲ್ಲ. ಸೂರ್ಯನನ್ನು ಆ 10 ಸೆಂ.ಮೀ. ಎಡಕ್ಕೆ ಸರಿಸಿದ್ದರಿಂದ ಬಲಗಡೆಯ ಕಟ್ಟಡದ ಪಕ್ಕೆಯನ್ನು ಬಿಸಿಲು ಸವರಿಕೊಂಡು ಹೋಗುತ್ತದೆ, ಎಡಗಡೆಯದು ಪೂರ್ತಿ ನೆರಳಿಗೆ ಬೀಳುತ್ತದೆ. ಒಂದು ಬದಿ ಬೆಚ್ಚಗೆ, ಇನ್ನೊಂದು ತಣ್ಣಗೆ.

ಸೂರ್ಯನ ಗಾತ್ರದಲ್ಲಿ ಎಡವದವರಿಲ್ಲ. ಆಕಾಶದಲ್ಲಿ ಸೂರ್ಯ ಬರೀ ಅರ್ಧ ಡಿಗ್ರಿಯಷ್ಟು ಅಗಲ. 80 ಸೆಂ.ಮೀ. ದೂರದಿಂದ ನೋಡುವ ಕ್ಯಾನ್ವಾಸಿನಲ್ಲಿ ಅದು 7 ಮಿ.ಮೀ.! ಎರಡು ಮೂರು ಸೆಂ.ಮೀ. ಬಿಲ್ಲೆ ಇಟ್ಟರೆ ಕ್ಯಾಲೆಂಡರ್ ಚಿತ್ರವಾಗುತ್ತದೆ, ಅಷ್ಟೇ ಅಲ್ಲ, ಪಕ್ಕದ ಕಟ್ಟಡ ಆಟಿಕೆಯಷ್ಟಾಗುತ್ತದೆ.

ಲಯಬಿಂದುವಿನಲ್ಲಿ ಒಂದು ಗುಂಡುಪಿನ್ನು ಚುಚ್ಚಿ ದಾರ ಕಟ್ಟಿ. ಬಡಗಿಗಳ ಹಾಗೆ ದಾರಕ್ಕೆ ಸುಣ್ಣದ ಪುಡಿ ಸವರಿ, ಎಳೆದು, ಚಿಮ್ಮಿದರೆ ಗೆರೆ ಮೂಡುತ್ತದೆ. ಪಿನ್ನಿನ ತೂತು ಬಣ್ಣದಲ್ಲಿ ಮುಚ್ಚಿಹೋಗುತ್ತದೆ.

ಜನ ಮತ್ತು ಕಂಬ ಒಂದೇ ಅಳತೆಗೋಲಿನಲ್ಲಿ

ನಿಮ್ಮ ಕಣ್ಣು ಹಾಸುಗಲ್ಲಿನಿಂದ ಮೂರು ಆಳೆತ್ತರದಲ್ಲಿದೆ ಎಂದುಕೊಳ್ಳಿ, ಎಲ್ಲೋ ಮೆಟ್ಟಿಲ ಮೇಲೆ ನಿಂತು ನೋಡಿದ ಹಾಗೆ. ಆಗ ಹಾಸುಗಲ್ಲಿನ ಮೇಲೆ ಎಲ್ಲಿ ನಿಂತ ಮನುಷ್ಯನಾದರೂ, ಅವನ ಪಾದದಿಂದ ದಿಗಂತಕ್ಕೆ ಎಷ್ಟು ದೂರವೋ ಅದರ ಮೂರನೇ ಒಂದು ಪಾಲು ಎತ್ತರ. ಪಾದ ಕೆಳ ಅಂಚಿನಿಂದ 5 ಸೆಂ.ಮೀ.ಯಲ್ಲಿದ್ದರೆ ದಿಗಂತಕ್ಕೆ 15, ಆಳು 5 ಸೆಂ.ಮೀ. ಪಾದ 14ರಲ್ಲಿದ್ದರೆ ಆಳು 2 ಸೆಂ.ಮೀ. 17ರಲ್ಲಿದ್ದರೆ ಒಂದೇ. ಬೇರೆ ಪರ್ಸ್ಪೆಕ್ಟಿವ್ ಕಸರತ್ತು ಬೇಕಿಲ್ಲ.

ಒಂದು ಎಚ್ಚರ: ನೀರು ಹಾಸುಗಲ್ಲಿಗಿಂತ ಕೆಳಗಿದೆ. ದಕ್ಕೆಯ ಗೋಡೆ ಒಂದಾಳು ಎತ್ತರವಿದ್ದರೆ, ನೀರಿನ ಮಟ್ಟದಿಂದ ಕಣ್ಣು ನಾಲ್ಕು ಆಳೆತ್ತರ. ಹಾಗಾಗಿ ದೋಣಿಯಲ್ಲಿ ನಿಂತವನಿಗೆ ಮೂರರಲ್ಲಿ ಒಂದಲ್ಲ, ನಾಲ್ಕರಲ್ಲಿ ಒಂದು. ಇದು ತಪ್ಪಿದರೆ ದೋಣಿಯವರು ರಾಕ್ಷಸರಾಗುತ್ತಾರೆ, ನೋಡುವವರಿಗೆ ಏನೋ ಸರಿಯಿಲ್ಲ ಎಂದಷ್ಟೇ ಗೊತ್ತಾಗುತ್ತದೆ, ಏನೆಂದು ಗೊತ್ತಾಗುವುದಿಲ್ಲ. ಮೆಟ್ಟಿಲ ಮೇಲೆ ನಿಂತವರಿಗೆ ಮೊದಲು ನೆಲದಲ್ಲಿ ಪಾದದ ಜಾಗ ಹಿಡಿದು, ಅಲ್ಲಿನ ಎತ್ತರ ಕಂಡುಕೊಂಡು, ಆಮೇಲೆ ಆ ಆಕೃತಿಯನ್ನು ಹಾಗೇ ಮೇಲಕ್ಕೆತ್ತಿ ನಿಲ್ಲಿಸಿ.

ಕಂಬಕ್ಕೂ ಇದೇ ಆಳು ಅಳತೆ. ಇಟಲಿಯ ವಾಸ್ತುಶಿಲ್ಪಿ ವಿನ್ಯೋಲಾ 1562ರಲ್ಲಿ ಕೊಟ್ಟ ಪ್ರಮಾಣ ಈಗಲೂ ಕೆಲಸಕ್ಕೆ ಬರುತ್ತದೆ: ಬುಡದ ವ್ಯಾಸಕ್ಕೆ ಹೋಲಿಸಿದರೆ ಟಸ್ಕನ್ ಎಂಬ ಬಗೆಯ ಕಂಬ 7 ಪಟ್ಟು ಎತ್ತರ, ಡೋರಿಕ್ 8, ಅಯೋನಿಕ್ 9, ಕೊರಿಂಥಿಯನ್ 10. ಕಂಬದ ಮೇಲೆ ಕೂರುವ ತೊಲೆಪಟ್ಟಿ ಕಂಬದೆತ್ತರದ ಕಾಲು ಭಾಗ. ಆರಾಳೆತ್ತರದ ಕೊರಿಂಥಿಯನ್ ಕಂಬವೊಂದರ ಬುಡ ಕೆಳ ಅಂಚಿನಿಂದ 8 ಸೆಂ.ಮೀ.ಯಲ್ಲಿದೆ ಎನ್ನಿ. ದಿಗಂತಕ್ಕೆ 12, ಆಳು 4, ಕಂಬ 24 ಸೆಂ.ಮೀ., ದಪ್ಪ 2.4, ತೊಲೆಪಟ್ಟಿ 6. ಸರಿಯಿದೆಯೇ ಎಂದು ನೋಡಲು ಒಂದೇ ಪರೀಕ್ಷೆ: ಕಣ್ಣು ಮೂರಾಳೆತ್ತರದಲ್ಲಿರುವಾಗ, ಆರಾಳೆತ್ತರದ ಪ್ರತಿ ಕಂಬವನ್ನೂ ದಿಗಂತ ರೇಖೆ ನಟ್ಟನಡುವೆ ಕತ್ತರಿಸಬೇಕು, ಹತ್ತಿರದ್ದಿರಲಿ ದೂರದ್ದಿರಲಿ. ಕಂಬ ನೇರ ಕೊಳವೆಯಲ್ಲ. ಕೆಳಗಿನ ಮೂರನೇ ಒಂದು ಪಾಲು ನೇರ, ಆಮೇಲೆ ಮೆಲ್ಲಗೆ ಸಣ್ಣಗಾಗುತ್ತ ಹೋಗಿ ತುದಿಯಲ್ಲಿ ಸುಮಾರು ಆರನೇ ಒಂದು ಭಾಗ ಕಿರಿದು.

ಕಂಬಗಳ ನಡುವಿನ ಅಂತರವನ್ನು ಕಣ್ಣಂದಾಜಿನಲ್ಲಿ ಕಿರಿದು ಮಾಡುತ್ತ ಹೋಗಬೇಡಿ, ಅದು ಯಾವತ್ತೂ ಸರಿಬರುವುದಿಲ್ಲ. ಮೊದಲ ಎರಡು ಕಂಬ ನಿಲ್ಲಿಸಿ. ತಲೆ, ಬುಡ, ಅರ್ಧ ಎತ್ತರ, ಮೂರರಿಂದಲೂ ಲಯಬಿಂದುವಿಗೆ ದಾರ ಎಳೆಯಿರಿ. ಮೊದಲ ಕಂಬದ ತಲೆಯಿಂದ ಎರಡನೇ ಕಂಬದ ನಡುಮಧ್ಯವನ್ನು ಹಾಯ್ದು ಗೆರೆ ಎಳೆದರೆ ಅದು ಬುಡದ ಗೆರೆಯನ್ನು ಎಲ್ಲಿ ಮುಟ್ಟುತ್ತದೋ ಅಲ್ಲಿ ಮೂರನೇ ಕಂಬ. ಹೀಗೇ ಮುಂದಕ್ಕೆ.

ಕಟ್ಟಡ ಯಾವುದಿರಬೇಕು ಎಂಬುದಕ್ಕೆ ಕ್ಲೋಡ್ ತಲೆಕೆಡಿಸಿಕೊಳ್ಳಲಿಲ್ಲ. 1637ರ ಒಂದು ಚಿತ್ರದಲ್ಲಿ ರೋಮ್‌ನ ಗುಡ್ಡದ ಮೇಲಿರುವ ವಿಲ್ಲಾ ಮೆಡಿಚಿ ಎಂಬ ಅರಮನೆಯನ್ನೇ ತಂದು ಕಡಲ ದಡದಲ್ಲಿ ನಿಲ್ಲಿಸಿದ. ನೀವೂ ನಿಲ್ಲಿಸಬಹುದು. ಒಂದು ಕಡೆ ಎತ್ತರದ ಗಟ್ಟಿ ಕಟ್ಟಡ, ಇನ್ನೊಂದು ಕಡೆ ತುಸು ಗಿಡ ಬೆಳೆದ ಪಾಳು ಕಂಬ ಇದ್ದರೆ ಸಾಕು. ಎರಡೂ ಬದಿ ಸಮ ಎತ್ತರವಾದರೆ ನಾಟಕದ ಪರದೆಯಾಗುತ್ತದೆ.

ನೆರಳು ಎಲ್ಲಿ ಮುಗಿಯುತ್ತದೆ

ಸೂರ್ಯ ಎದುರಿಗಿದ್ದಾನೆ, ಆದ್ದರಿಂದ ನೆರಳುಗಳೆಲ್ಲ ನಮ್ಮತ್ತ ಬರುತ್ತವೆ, ಬೀಸಣಿಗೆ ಬಿಚ್ಚಿದ ಹಾಗೆ. ಬೀಸಣಿಗೆಯ ಹಿಡಿ ಇರುವುದು ಸೂರ್ಯನಲ್ಲಲ್ಲ, ಸೂರ್ಯನ ನೇರ ಕೆಳಗೆ ದಿಗಂತದ ಮೇಲೆ. ಅಲ್ಲಿಗೊಂದು ಎರಡನೇ ಪಿನ್ನು. ಆ ಪಿನ್ನಿನಿಂದ ಪಾದವನ್ನು ಹಾಯ್ದು ಒಂದು ದಾರ, ಸೂರ್ಯನಿಂದ ತಲೆಯನ್ನು ಹಾಯ್ದು ಇನ್ನೊಂದು. ಎರಡೂ ಕೂಡಿದಲ್ಲಿ ನೆರಳಿನ ತುದಿ.

ನಮ್ಮ ಚಿತ್ರದಲ್ಲಿ ಇದನ್ನು ಎಳೆದು ನೋಡಿದರೆ ಬೆಚ್ಚಿಬೀಳುತ್ತೀರಿ. 1 ಸೆಂ.ಮೀ. ಆಳಿನ ನೆರಳು ಇನ್ನೊಂದು ಸೆಂ.ಮೀ. ಕೆಳಗೆ ಬಂದು ಮುಗಿಯುತ್ತದೆ. 2 ಸೆಂ.ಮೀ. ಆಳಿನದು ಪಾದದಿಂದ 6 ಸೆಂ.ಮೀ. ಕೆಳಕ್ಕೆ ಚಾಚುತ್ತದೆ. 3 ಸೆಂ.ಮೀ. ಆಳಿನ ನೆರಳು ಕ್ಯಾನ್ವಾಸು ದಾಟಿ ಹೋಗಿರುತ್ತದೆ. ಸೂರ್ಯ ದಿಗಂತದಿಂದ 4 ಸೆಂ.ಮೀ. ಮೇಲಿರುವಾಗ 4 ಸೆಂ.ಮೀ. ಅಥವಾ ಅದಕ್ಕೂ ಎತ್ತರ ಬರೆದ ಯಾವುದರ ನೆರಳೂ ಚಿತ್ರದೊಳಗೆ ಮುಗಿಯುವುದೇ ಇಲ್ಲ. ಅದು ನೋಡುಗನ ಕಾಲಿನಾಚೆಗೂ ಹಾದುಹೋಗಿದೆ. ಮುಂದಿನ ಸಾಲಿನ ಜನರಿಗೆ ಕಾಲಡಿ ಪುಟ್ಟ ನೆರಳು ಅಂಟಿಸಿದ ಚಿತ್ರಗಳಲ್ಲಿ ಸೂರ್ಯ ಸುಳ್ಳಾಗುವುದು ಇಲ್ಲೇ.

ತಳ ಮತ್ತು ಬಣ್ಣ

ಕ್ಯಾನ್ವಾಸಿಗೆ ಮೂರು ಕೈ ಅಕ್ರಿಲಿಕ್ ಜೆಸ್ಸೊ (ಬಿಳಿ ತಳಬಣ್ಣ), ಒಂದೊಂದರ ನಡುವೆ 320 ನಂಬರಿನ ಉಪ್ಪುಕಾಗದದಿಂದ ಹಗುರ ಉಜ್ಜು. ಬಿಳಿಯ ಮೇಲೆ ನೇರ ಬರೆಯಬೇಡಿ. ಬಿಳಿ ತಳದ ಮೇಲೆ ಹಚ್ಚಿದ್ದೆಲ್ಲ ಕಪ್ಪಗೆ ಕಂಡು, ನೆರಳನ್ನು ಬೇಕಾದ್ದಕ್ಕಿಂತ ತಿಳಿಯಾಗಿಸುತ್ತೀರಿ, ಸೂರ್ಯನಿಗೆ ಮೆರೆಯಲು ಏನೂ ಉಳಿಯುವುದಿಲ್ಲ. ಅಕ್ರಿಲಿಕ್ ರಾ ಅಂಬರ್ ಮತ್ತು ಯೆಲ್ಲೋ ಓಕರ್ ಸೇರಿಸಿ, ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಂದು ತೆಳುವಾಗಿ ಬಳಿಯಿರಿ.

ಬಣ್ಣ ಒಂಬತ್ತು ಸಾಕು: ಟೈಟೇನಿಯಂ ವೈಟ್, ನೇಪಲ್ಸ್ ಯೆಲ್ಲೋ, ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ರಾ ಅಂಬರ್, ವರ್ಮಿಲಿಯನ್ ಹ್ಯೂ, ಅಲಿಜರಿನ್ ಕ್ರಿಮ್ಸನ್ (ಪರ್ಮನೆಂಟ್ ಎಂದು ಬರೆದದ್ದು), ಅಲ್ಟ್ರಾಮರೀನ್, ಐವರಿ ಬ್ಲ್ಯಾಕ್. ಥ್ಯಾಲೋ ಬ್ಲೂವನ್ನು ಹತ್ತಿರ ಸೇರಿಸಬೇಡಿ, ಅದು ಹಳದಿ ಕಂಡ ತಕ್ಷಣ ಹಸಿರಾಗಲು ಕಾದಿರುತ್ತದೆ. ಎಣ್ಣೆ ಎಂದರೆ ಚಿತ್ರಕಾರರಿಗೆಂದೇ ಶುದ್ಧಿ ಮಾಡಿದ ಅಗಸೆಯೆಣ್ಣೆ. ಅಡುಗೆಯದ್ದಲ್ಲ, ಹಾರ್ಡ್‌ವೇರ್ ಅಂಗಡಿಯ ಬೇಯಿಸಿದ ಎಣ್ಣೆಯೂ ಅಲ್ಲ, ಅದು ಬೇಗ ಹಳದಿಗಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಬುಟ್ಟಿಗೆ ಎಸೆಯಬೇಡಿ, ತಾನೇ ಕಾವು ಏರಿ ಹೊತ್ತಿಕೊಳ್ಳುವುದುಂಟು. ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿಡಿ.

ಕೆಳಗಿನ ಪದರಲ್ಲಿ ಎಣ್ಣೆ ಕಡಿಮೆ, ಮೇಲೇರಿದಂತೆ ಹೆಚ್ಚು. ಮೊದಲ ಕೈಗೆ ಬರೀ ಟರ್ಪೆಂಟೈನ್, ಎರಡನೆಯದಕ್ಕೆ ಮೂರು ಪಾಲು ಟರ್ಪೆಂಟೈನಿಗೆ ಒಂದು ಪಾಲು ಎಣ್ಣೆ, ಕೊನೆಯ ಗ್ಲೇಜಿಗೆ (ಕೆಳಗಿನ ಬಣ್ಣ ತೋರುವಂಥ ತೆಳು ಪದರಕ್ಕೆ) ಸಮಸಮ. ತಿರುಗುಮುರುಗಾದರೆ ಮೇಲಿನ ಪದರ ಮೊದಲು ಗಟ್ಟಿಯಾಗಿ, ಕೆಳಗಿನದು ಇನ್ನೂ ಮಿಸುಕಾಡುತ್ತಿದ್ದು, ಬಿರುಕು ಬಿಡುತ್ತದೆ.

ರಾ ಅಂಬರಿನಲ್ಲಿ ಟರ್ಪೆಂಟೈನ್ ಬೆರೆಸಿ ಇಡೀ ಚಿತ್ರದ ನೆರಳು ಬೆಳಕನ್ನು ಒಂದೇ ಬಣ್ಣದಲ್ಲಿ ಹಾಕಿಬಿಡಿ. ಕಪ್ಪಿಗೆ 1, ಬಿಳಿಗೆ 10 ಎಂದರೆ ಸೂರ್ಯನೊಬ್ಬನೇ 10. ಅವನ ಸುತ್ತಣ ಪ್ರಭೆ 9, ಸೂರ್ಯನ ಕಡೆಯ ಆಕಾಶ 8, ಮೇಲಿನ ಅಂಚು 6. ದೂರದ ಗೋಪುರ 7, ನಡುವಿನ ಕಟ್ಟಡ 5, ಹತ್ತಿರದ ಕಂಬ 3, ಮುಂದಿನ ನೆಲದ ಕಪ್ಪು 2. ಅಂಬರ್ ಬೇಗ ಒಣಗುತ್ತದೆ, ಒಂದೆರಡು ದಿನ ಸಾಕು.

ಆಕಾಶ, ಒಂದೇ ಕೂರುವಿಕೆಯಲ್ಲಿ

ಆಕಾಶಕ್ಕೆ ಒಟ್ಟು ಸುಮಾರು 25 ಮಿ.ಲೀ. ಬಣ್ಣ ಬೇಕು. ಕುಂಚ ಮುಟ್ಟುವ ಮೊದಲೇ ಐದು ಗುಡ್ಡೆ ಮಾಡಿಟ್ಟುಕೊಳ್ಳಿ. ನಡುವೆ ಮುಗಿದುಹೋದರೆ ಅದೇ ಬಣ್ಣ ಮತ್ತೆ ಕೈಗೆ ಸಿಗದು.

1. ಬಿಳಿ 6 ಪಾಲು, ನೇಪಲ್ಸ್ ಯೆಲ್ಲೋ 2. ಸೂರ್ಯನ ಸುತ್ತ.
2. ಬಿಳಿ 6, ನೇಪಲ್ಸ್ 2, ಓಕರ್ 1, ಸೂಜಿಮೊನೆಯಷ್ಟು ವರ್ಮಿಲಿಯನ್.
3. ಬಿಳಿ 8, ಓಕರ್ ಅರ್ಧ, ವರ್ಮಿಲಿಯನ್ ಕಾಲು, ಅಲ್ಟ್ರಾಮರೀನ್ ಕಾಲು.
4. ಬಿಳಿ 8, ಅಲ್ಟ್ರಾಮರೀನ್ 1, ಚಿಟಿಕೆ ರಾ ಅಂಬರ್.
5. ಬಿಳಿ 5, ಅಲ್ಟ್ರಾಮರೀನ್ 2, ಚಿಟಿಕೆ ರಾ ಅಂಬರ್.

ಮೂರನೆಯದು ನೋಡಲು ಬೂದು ಗುಲಾಬಿ, ಅಂದವೇನಿಲ್ಲ. ಆದರೆ ಅದೇ ಚಿತ್ರವನ್ನು ಉಳಿಸುವುದು. ಹಳದಿಯ ಪಕ್ಕಕ್ಕೇ ನೀಲಿ ತಂದು ಉಜ್ಜಿದರೆ ಬರುವುದು ಬಾಳೆಎಲೆಯ ಹಸಿರು. ನಡುವೆ ಈ ಬೂದುಪಟ್ಟಿ ಇದ್ದರೆ ಎರಡೂ ಜಗಳವಿಲ್ಲದೆ ಕೂಡುತ್ತವೆ. ಪಟ್ಟಿಗಳನ್ನು ಅಡ್ಡಲಾಗಿ ಹಾಕಬೇಡಿ, ಸೂರ್ಯನ ಸುತ್ತ ಅಗಲವಾಗುತ್ತ ಹೋಗುವ ವೃತ್ತಗಳಂತೆ ಹಾಕಿ. ಗಟ್ಟಿ ಬ್ರಿಸಲ್ ಕುಂಚದಿಂದ ಅಡ್ಡದಿಡ್ಡಿ ಕೂಡಿಸಿ, ಕೊನೆಗೆ ಅಗಲವಾದ ಮೃದು ಒಣಕುಂಚವನ್ನು ಸೂರ್ಯನ ಕಡೆಯಿಂದ ಹೊರಕ್ಕೆ ಸವರಿ, ಪ್ರತಿ ಸವರಿಕೆಗೂ ಕುಂಚ ಒರೆಸಿಕೊಂಡು. ಆಕಾಶವನ್ನು ಕಟ್ಟಡದ ಅಂಚಿನೊಳಕ್ಕೆ ಒಂದು ಸೆಂ.ಮೀ. ನುಗ್ಗಿಸಿ ಬಳಿಯಬೇಕು. ಅಂಚಿನವರೆಗೆ ಮಾತ್ರ ಬಳಿದರೆ ಆಮೇಲೆ ಕಟ್ಟಡದ ಸುತ್ತ ಕತ್ತರಿಸಿ ಅಂಟಿಸಿದಂಥ ಗೆರೆ ಉಳಿಯುತ್ತದೆ.

ಟೈಟೇನಿಯಂ ವೈಟ್ ನಿಧಾನ. ವಾರ ಬೇಕು, ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಇನ್ನೂ ಹೆಚ್ಚು. ಎಣ್ಣೆ ಆರುವುದು ಆವಿಯಾಗಿ ಅಲ್ಲ, ಗಾಳಿಯ ಆಮ್ಲಜನಕ ಹೀರಿ. ಹಾಗಾಗಿ ಗಾಳಿಯಾಡುವ ಬೆಳಕಿನ ಕೋಣೆಯಲ್ಲಿಡಿ, ಗೋಡೆಗೆ ಒತ್ತಿ ನಿಲ್ಲಿಸಿದರೆ ಕ್ಯಾನ್ವಾಸಿನ ಬೆನ್ನಿಗೆ ಬೂಸ್ಟು ಹಿಡಿಯುತ್ತದೆ.

ನೀರು

ಸೂರ್ಯನ ಮಿನುಗುಪಟ್ಟಿ ಸೂರ್ಯನ ನೇರ ಕೆಳಗೇ ಬರುತ್ತದೆ. ಕಲ್ಲುಹಾಸಿನ ಗೆರೆಗಳಂತೆ ಅದನ್ನು ಲಯಬಿಂದುವಿನಿಂದ ಓರೆಯಾಗಿ ಎಳೆಯುವುದು ದೊಡ್ಡ ತಪ್ಪು. ಹಡಗಿನ ಪಟಸ್ತಂಭದ ಪ್ರತಿಬಿಂಬವೂ ಹಾಗೇ, ನೇರ ಕೆಳಗೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಸೂರ್ಯ ಕಡಲಲ್ಲೇ ಮುಳುಗುವುದರಿಂದ ಕಾರವಾರದಲ್ಲೋ ಮಲ್ಪೆಯಲ್ಲೋ ಒಂದು ಸಂಜೆ ನಿಂತರೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ: ದೂರದಲ್ಲಿ ಪಟ್ಟಿ ಒಂದೇ ಸಮ ಬೆಳ್ಳಿತಗಡು, ಹತ್ತಿರ ಬಂದಂತೆ ಚೂರುಚೂರು. ಮೀನುದೋಣಿಯ ಒಡಲು ಆ ಹೊತ್ತಿಗೆ ಕಪ್ಪಾಗಿ ಕಾಣುವುದಿಲ್ಲ, ಬೆಚ್ಚನೆಯ ಕಂದುಬೂದಿಯಾಗಿ ಕಾಣುತ್ತದೆ ಎಂಬುದನ್ನೂ ಗಮನಿಸಿ.

ನೀರಿನ ಮೂಲಬಣ್ಣ ಅಲ್ಟ್ರಾಮರೀನ್, ಓಕರ್, ತುಸು ಕಪ್ಪು. ದೂರದ ಅಲೆಗೆ ಚಪ್ಪಟೆ ಕುಂಚದ ಅಂಚಿನಿಂದ ಕೂದಲಂಥ ಅಡ್ಡಗೆರೆ; ಮುಂದಿನ ಅಲೆಗೆ ಬೆನ್ನು ಕಪ್ಪುಹಸಿರು, ತುದಿಯಲ್ಲಿ ಬೆಳಕು ತೂರಿಬರುವ ತಿಳಿಹಸಿರು, ಅದರ ನೆತ್ತಿಗೆ ಎರಡನೇ ಗುಡ್ಡೆಯ ಒಂದು ಚುಕ್ಕೆ. ಅಲೆಗಳೆಲ್ಲ ಒಂದೇ ಗಾತ್ರವಾದರೆ ಹೆಂಚಿನ ಮಾಡಾಗುತ್ತದೆ.

ಕಟ್ಟಡ, ಹಡಗು

ದೂರದ್ದು ಮೊದಲು. ಅತಿ ದೂರದ ಗೋಪುರಕ್ಕೆ ಎರಡನೇ ಗುಡ್ಡೆಯ ಬಣ್ಣಕ್ಕೇ ತುಸು ಮೂರನೆಯದು ಬೆರೆಸಿದರಾಯಿತು. ಕಿಟಕಿ ಬಾಗಿಲು ಬೇಡ. ಮುಂದೆ ಬಂದಂತೆ ಅಂಬರ್ ಮತ್ತು ಅಲ್ಟ್ರಾಮರೀನ್ ಹೆಚ್ಚಿಸುತ್ತ ಬನ್ನಿ. ನೆರಳಿನ ಗೋಡೆಯೊಳಗೆ ಕೆಳಗಡೆ ಹಾಸುಗಲ್ಲಿನಿಂದ ಪುಟಿದ ಬೆಚ್ಚನೆ ಬೆಳಕಿರುತ್ತದೆ, ಮೇಲುಗಡೆ ಆಕಾಶದ ತಣ್ಣನೆ ನೀಲಿ. ಕೆಳಕ್ಕೆ ಸಿಯೆನ್ನಾ, ಮೇಲಕ್ಕೆ ನೀಲಿ. ಇಷ್ಟು ಮಾಡಿದರೆ ಕಪ್ಪು ಗೋಡೆಗೆ ಜೀವ ಬರುತ್ತದೆ.

ಬಲಗಡೆಯ ಕಂಬಸಾಲಿನಲ್ಲಿ ಪ್ರತಿ ಕಂಬದ ಎಡ ಅಂಚಿಗೆ ಒಂದೇ ಒಂದು ಬೆಳಕಿನ ಗೆರೆ. ಹತ್ತಿರದ ಕಂಬಕ್ಕೆ 2 ಮಿ.ಮೀ., ದೂರಕ್ಕೆ ಕೂದಲೆಳೆ. ಕೊರಿಂಥಿಯನ್ ಕಂಬದ ತಲೆಯಲ್ಲಿ ಕೆತ್ತಿದ ಎಲೆಗಳನ್ನು ಒಂದೊಂದಾಗಿ ಬಿಡಿಸುವ ಚಪಲ ಬಿಡಿ: ಬೋಗುಣಿಯಾಕಾರದ ನೆರಳು, ಮೇಲೆ ನಾಲ್ಕು ಬೆಳಕಿನ ಚುಕ್ಕೆ. ಎರಡು ಹೆಜ್ಜೆ ಹಿಂದೆ ಸರಿದರೆ ಎಲೆ ತಾನೇ ಕಾಣುತ್ತದೆ.

ಹಡಗಿನ ಹಗ್ಗಗಳಿಗೆ 1ನೇ ನಂಬರಿನ ಉದ್ದಕೂದಲಿನ ರಿಗ್ಗರ್ ಕುಂಚ, ಶಾಯಿಯಷ್ಟು ತೆಳು ಬಣ್ಣ, ಕೈ ಊರಿಕೊಳ್ಳಲು ಒಂದು ಕೋಲು. ಆಕಾಶ ಪೂರ್ತಿ ಒಣಗಿರಬೇಕು, ಆಗ ಕೆಟ್ಟ ಗೆರೆಯನ್ನು ಬಟ್ಟೆಯಿಂದ ಅಳಿಸಬಹುದು. ಸೂರ್ಯನ ಹತ್ತಿರ ಹಾಯುವ ಪಟಸ್ತಂಭವನ್ನು, ಹಗ್ಗವನ್ನು ಬೆಳಕು ತಿನ್ನುತ್ತದೆ: ದೂರದಲ್ಲಿ ಕಂದು, ಹತ್ತಿರ ಬಂದಂತೆ ಕಿತ್ತಳೆ, ಸೂರ್ಯನಿಂದ ಒಂದೆರಡು ಸೆಂ.ಮೀ. ಒಳಗೆ ತೆಳ್ಳಗಾಗಿ ಇಲ್ಲವೇ ಇಲ್ಲ. ಅಲ್ಲೂ ಗೆರೆಯನ್ನು ಗಟ್ಟಿಯಾಗಿ ಎಳೆದುಬಿಟ್ಟರೆ ಸೂರ್ಯ ಹಳದಿ ಬೊಟ್ಟಾಗಿ ಉಳಿಯುತ್ತಾನೆ.

ಜನ

ಕ್ಲೋಡ್ ತನ್ನ ಚಿತ್ರದ ಭೂದೃಶ್ಯವನ್ನು ಮಾರುತ್ತೇನೆ, ಜನರನ್ನು ಪುಕ್ಕಟೆ ಕೊಡುತ್ತೇನೆ ಎನ್ನುತ್ತಿದ್ದನೆಂದು ಅವನ ಜೀವನ ಬರೆದ ಬಾಲ್ದಿನೂಚಿ ದಾಖಲಿಸಿದ್ದಾನೆ. ಅದು ತಮಾಷೆ, ಜನರಿಲ್ಲದಿದ್ದರೆ ಕಂಬ ಎಷ್ಟು ಎತ್ತರವೆಂದು ತಿಳಿಯುವ ಬಗೆಯೇ ಇಲ್ಲ. ಶೀಬಾ ರಾಣಿ ಬಲಗಡೆಯ ಮೆಟ್ಟಿಲಿಳಿಯುವ ಗುಂಪಿನಲ್ಲಿ, ಗುಲಾಬಿ ಉಡುಪು, ನೀಲಿ ಹೊದಿಕೆ, ಎಷ್ಟು ಚಿಕ್ಕವಳೆಂದರೆ ಹುಡುಕಬೇಕು. ಆದರೂ ಕಣ್ಣು ಅಲ್ಲಿಗೇ ಹೋಗುತ್ತದೆ, ಮೆಟ್ಟಿಲ ಓರೆಗೆರೆಯೂ ಕಂಬದ ನೆಟ್ಟಗೆರೆಯೂ ಕೂಡುವ ಜಾಗದಲ್ಲಿ ಅವಳನ್ನು ನಿಲ್ಲಿಸಿದ್ದರಿಂದ.

ಹದಿನೈದರಿಂದ ಇಪ್ಪತ್ತು ಜನ ಸಾಕು, ಎರಡು ಮೂರರ ಗುಂಪಾಗಿ. ಕೈಗೆ ಕೆಲಸ ಕೊಡಿ: ಪೆಟ್ಟಿಗೆ ಹೊರುವವನು, ಹಗ್ಗ ಎಳೆಯುವವನು, ಮೂಟೆಯ ಮೇಲೆ ಕೂತು ಬೆರಳು ತೋರಿಸುವವನು. 5 ಸೆಂ.ಮೀ. ಆಳಿಗೆ ತಲೆ 7 ಮಿ.ಮೀ. ಮೀರಬಾರದು. ಕಣ್ಣು ಮೂಗು ಬೇಡವೇ ಬೇಡ. ಒಣಗಿದ ಚಿತ್ರದ ಮೇಲೆ ಎಣ್ಣೆಯ ಪಸೆ ಮಾತ್ರ ಸವರಿ ಒರೆಸಿ, ಮೊದಲು ಇಡೀ ಆಕೃತಿಯನ್ನು ಒಂದೇ ಕಪ್ಪುಕಂದಿನಲ್ಲಿ ಹಾಕಿ, ನಿಲುವು ಸರಿಯಿಲ್ಲವೆಂದರೆ ಒರೆಸಿ ಮತ್ತೆ ಹಾಕಿ. ಆಮೇಲೆ ಬಟ್ಟೆಯ ಬಣ್ಣ: ಅಪ್ಪಟ ಕೆಂಪು, ಅಪ್ಪಟ ನೀಲಿ, ಓಕರ್. ಇಡೀ ಚಿತ್ರದಲ್ಲಿ ಬೆರಕೆಯಿಲ್ಲದ ಬಣ್ಣಕ್ಕೆ ಅವಕಾಶ ಇರುವುದು ಇಲ್ಲೊಂದೇ, ಅದೂ ಮುಂದಿನ ಸಾಲಿನಲ್ಲಿ. ಕೊನೆಗೆ ಸೂರ್ಯನ ಕಡೆಯ ಹೆಗಲಿಗೆ, ಕೂದಲಿಗೆ ಬೆಳಕಿನ ಒಂದು ಎಳೆ. ಮೈಯ ಮುಂಭಾಗಕ್ಕೆ ಬೆಳಕು ಹಚ್ಚಬೇಡಿ. ಸೂರ್ಯ ಇರುವುದು ಅವರ ಹಿಂದೆ.

ಮುಗಿಸುವುದು

ಕಟ್ಟಡಗಳು ತೀರ ಮುಂದೆ ಬಂದಂತಿದ್ದರೆ ಎರಡನೇ ಗುಡ್ಡೆಯ ಬಣ್ಣವನ್ನು ಒಣಕುಂಚದಲ್ಲಿ, ಇದ್ದೂ ಇಲ್ಲದಂತೆ, ಅವುಗಳ ಮೇಲೆ ತಿಕ್ಕಿ. ಮಂಜು ಕವಿದಂತೆ ಹಿಂದೆ ಸರಿಯುತ್ತವೆ. ಮುಂದಿನ ನೆಲ ಸಪ್ಪೆಯಾಗಿದ್ದರೆ ಅಂಬರ್, ಅಲ್ಟ್ರಾಮರೀನಿನ ತೆಳು ಗ್ಲೇಜು. ಎಣ್ಣೆ ಒಳಗಿಳಿದು ಅಲ್ಲಲ್ಲಿ ಮಂಕಾದ ಕಲೆಗಳಿರುತ್ತವೆ. ಆ ಜಾಗಕ್ಕೆ ಸಮಸಮ ಎಣ್ಣೆ-ಟರ್ಪೆಂಟೈನ್ ಸವರಿ, ಹತ್ತು ನಿಮಿಷ ಬಿಟ್ಟು, ಒರೆಸಿ ತೆಗೆದರೆ ನಿಜವಾದ ಬಣ್ಣ ಮೇಲೆ ಬರುತ್ತದೆ. ಅದನ್ನು ಮಾಡದೆ ಕಪ್ಪು ಸಾಲದೆಂದು ಮತ್ತಷ್ಟು ಬಣ್ಣ ಮೆತ್ತಬೇಡಿ.

ಸೂರ್ಯನ ಬಿಲ್ಲೆಯನ್ನು ಎಲ್ಲಕ್ಕಿಂತ ಕೊನೆಗೆ ಇಡಿ: ಬಿಳಿಗೆ ಕಣದಷ್ಟು ನೇಪಲ್ಸ್ ಯೆಲ್ಲೋ, ಎಣ್ಣೆ ಸೇರಿಸದೆ ದಪ್ಪಗೆ, 7 ಮಿ.ಮೀ., ಅಂಚನ್ನು ಬೆರಳ ತುದಿಯಿಂದ ಒಮ್ಮೆ ಒತ್ತಿ. ವಾರ್ನಿಶ್ ಆರು ತಿಂಗಳ ನಂತರ, ಮಳೆಗಾಲ ಬಿಟ್ಟು, ಒಣ ಹವೆಯ ದಿನ ನೋಡಿ. ತೇವದಲ್ಲಿ ಹಚ್ಚಿದ ವಾರ್ನಿಶ್ ಹಾಲುಗಟ್ಟಿ, ಮೊದಲು ಮಸುಕಾಗುವುದು ಮುಂದಿನ ನೆಲದ ಕಪ್ಪು.